ರೀಡಥಾನ್‌ನಲ್ಲಿ ಎಷ್ಟು ಓದಿದ್ವಿ ಅಂತ ಲೆಕ್ಕ ಇಡೋದು ಹೇಗೆ: ಶುರುವಿಂದ ಕೊನೇವರೆಗೆ ಸಮಗ್ರ ಮಾರ್ಗದರ್ಶಿ

ರೀಡಥಾನ್ (ಗೊತ್ತು ಮಾಡಿದ ಟೈಮೊಳಗೆ ಎಷ್ಟಾಗತ್ತೋ ಅಷ್ಟು ಓದೋ ಕಾರ್ಯಕ್ರಮ) ಮುಗಿದ ಮೇಲೆ ಯಾರಾದ್ರೂ "ಎಷ್ಟು ಓದಿದ್ರಿ" ಅಂತ ಕೇಳಿದ್ರೆ "ಸುಮಾರು ಓದ್ದೆ ಬಿಡಿ" ಅಂತ ನುಣುಚ್ಕೊಳ್ಳೋರ ಸಾಲಲ್ಲಿ ನಾನೂ ಇದ್ದೆ. ಮೊದಲ ಸಲ ಕೂತಾಗ ಪಕ್ಕದಲ್ಲಿ ಒಂದು ನೋಟ್‌ಬುಕ್ ಇಟ್ಕೊಂಡಿದ್ದೆ, ಅದರಲ್ಲಿ ಮಧ್ಯರಾತ್ರಿ ನಿದ್ದೆಗಣ್ಣಲ್ಲಿ ಗೀಚಿದ ಒಂದು ಸಾಲು ಹೀಗಿತ್ತು: "ಇನ್ನೊಂದು 50". ಬೆಳಿಗ್ಗೆ ಎದ್ದು ನೋಡಿದ್ರೆ ಆ 50 ಅಂದ್ರೆ 50 ಪುಟ ಓದಿದ್ನಾ, 50ನೇ ಪುಟಕ್ಕೆ ಬಂದಿದ್ನಾ, ಇಲ್ಲ ಇನ್ನೂ 50 ಪುಟ ಬಾಕಿ ಅಂತ ಬರ್ಕೊಂಡಿದ್ನಾ, ತಲೆಬುಡ ಗೊತ್ತಾಗ್ಲಿಲ್ಲ. ಯಾವ ಪುಸ್ತಕ ಅಂತಾನೂ ಬರೆದಿರ್ಲಿಲ್ಲ. ಮುಂದಿನ ಸಲ ಅದಕ್ಕೆ ಉಲ್ಟಾ ಮಾಡ್ದೆ, ಆ್ಯಪು, ಬಣ್ಣಬಣ್ಣದ ಚಾರ್ಟು, ಮೂಡ್ ಬರೆಯೋ ಕಾಲಮ್ಮು ಎಲ್ಲಾ ರೆಡಿ ಮಾಡ್ಕೊಂಡು ಕೂತೆ, ಓದಿದ್ದಕ್ಕಿಂತ ತುಂಬಿದ್ದೇ ಜಾಸ್ತಿ ಆಯ್ತು.

ಈಗ ನಾನು ಮಾಡೋದು ತುಂಬಾ ಸಿಂಪಲ್, ಓದೋವಾಗ ಬರೀ ಗುರುತು ಹಾಕೋದು, ಕೂಡೋದು ಕಳೆಯೋದು ಎಲ್ಲಾ ಆಮೇಲೆ. ಒಂದು ಸಲ ಬರೆಯೋಕೆ ಹತ್ತು ಸೆಕೆಂಡಿಗಿಂತ ಜಾಸ್ತಿ ಹಿಡಿದ್ರೆ ಆ ಪದ್ಧತಿ ರಾತ್ರಿ ಹನ್ನೆರಡರ ಮೇಲೆ ನಡೆಯಲ್ಲ, ಇದು ನನ್ನ ಅನುಭವ.

ಮೊದಲು ರೂಲ್ಸ್ ಓದಿ, ಯಾವುದ್ರಲ್ಲಿ ಅಳೀತಾರೆ ನೋಡಿ

ಎಲ್ಲಾ ರೀಡಥಾನೂ ಒಂದೇ ಥರ ಇರಲ್ಲ. 2007ರಲ್ಲಿ ಶುರುವಾದ ಡ್ಯೂಯೀಸ್ ರೀಡಥಾನ್ ಥರದ್ದು 24 ಗಂಟೆದು, ಇನ್ನು ಕೆಲವು ಒಂದು ವೀಕೆಂಡು, ಒಂದು ವಾರ, ಒಂದು ತಿಂಗಳು ಹೀಗೆ ನಡೆಯತ್ತೆ. ಮಕ್ಕಳಿಗೆ ಅಂತ ಮಾಡೋದ್ರಲ್ಲಿ ಎಷ್ಟೋ ಕಡೆ ನಿಮಿಷದ ಲೆಕ್ಕ ಇಲ್ಲಾ ಪುಸ್ತಕದ ಲೆಕ್ಕ, ಬಿಂಗೋ (ಮನೆಮನೆ ಹಾಕಿದ ಕಾರ್ಡು, ಒಂದೊಂದು ಮನೆಗೂ ಒಂದೊಂದು ಥರದ ಪುಸ್ತಕ) ಇದ್ರೆ ಪುಟಕ್ಕೆ ಬೆಲೆನೇ ಇಲ್ಲ, ಮನೆ ತುಂಬಿದ್ರಾಯ್ತು. ಆಯೋಜಕರು ನಿಮಿಷ ಕೇಳ್ತಿದ್ದಾರೆ, ನೀವು ಪುಟ ಮಾತ್ರ ಬರ್ಕೊಂಡಿದ್ದೀರ ಅಂದ್ರೆ ಕೊನೇಲಿ ಅಂದಾಜಲ್ಲಿ ಬರೆಯೋ ಪರಿಸ್ಥಿತಿ ಬರತ್ತೆ. ಅದಕ್ಕೆ ಗಡಿಯಾರದ ಟೈಮು ಮತ್ತೆ ಪುಟದ ನಂಬರ್ರು ಎರಡನ್ನೂ ಬರೀರಿ. ಈ ಎರಡು ಕೈಲಿದ್ರೆ ನಿಮಿಷ, ಗಂಟೆ, ಪುಟ, ಸ್ಪೀಡು ಯಾವುದನ್ನ ಬೇಕಾದ್ರೂ ತೆಗೀಬಹುದು.

ಆಡಿಯೋಬುಕ್ ಸೇರಿಸ್ಬಹುದಾ, ಕಾಮಿಕ್ಸ್ ಸೇರಿಸ್ಬಹುದಾ, ಮೊದಲೇ ಅರ್ಧ ಓದಿಟ್ಟ ಪುಸ್ತಕ ನಡೆಯತ್ತಾ, ಇದನ್ನೂ ಆಗಲೇ ನೋಡ್ಕೊಂಡ್ಬಿಡಿ.

ನಿಮ್ಮ ಸ್ಪೀಡು ನೀವೇ ಅಳ್ಕೊಳಿ

ಗುರಿ ಇಡೋಕೆ ಮುಂಚೆ ನೀವು ಗಂಟೆಗೆ ಎಷ್ಟು ಪುಟ ಓದ್ತೀರ ಅಂತ ಗೊತ್ತಿರ್ಬೇಕು, ತುಂಬ ಜನ ಇದನ್ನ ಊಹೆ ಮೇಲೆ ಬಿಡ್ತಾರೆ. ಇಂಟರ್ನೆಟ್ಟಲ್ಲಿ ಸಿಗೋ ನಿಮಿಷಕ್ಕಿಷ್ಟು ಪದ ಅನ್ನೋ ಲೆಕ್ಕ ಬಹುತೇಕ ಇಂಗ್ಲಿಷಿಂದು. ಮಾರ್ಕ್ ಬ್ರಿಸ್‌ಬೇರ್ಟ್ ಅನ್ನೋ ಸಂಶೋಧಕರು 2019ರಲ್ಲಿ 190 ಅಧ್ಯಯನಗಳನ್ನ ಒಟ್ಟಿಗೆ ಇಟ್ಟು ನೋಡಿ, ದೊಡ್ಡೋರು ಇಂಗ್ಲಿಷನ್ನ ಮನಸ್ಸಲ್ಲೇ ಓದೋವಾಗ ಕಥೆಯಲ್ಲದ ಬರಹ ಆದ್ರೆ ನಿಮಿಷಕ್ಕೆ ಸರಾಸರಿ 238 ಪದ, ಕಥೆ ಕಾದಂಬರಿ ಆದ್ರೆ 260 ಪದ ಅಂತ ಹೇಳಿದ್ರು. ಕನ್ನಡ ಓದೋರು ಈ ನಂಬರ್ ಇಟ್ಕೊಂಡು ಕೂತ್ರೆ ಸುಮ್ನೆ ಬೇಜಾರಾಗೋದು, ಯಾಕಂದ್ರೆ ನಮ್ಮಲ್ಲಿ "ಹೋಗಬೇಕಾಗಿತ್ತಂತೆ" ಅನ್ನೋದು ಒಂದೇ ಪದ, ಇಂಗ್ಲಿಷಲ್ಲಿ ಅಷ್ಟನ್ನ ಹೇಳೋಕೆ ನಾಕೈದು ಪದ ಬೇಕು. ಪದದ ಲೆಕ್ಕ ಬಿಟ್ಟು ಪುಟದ ಲೆಕ್ಕ ಹಿಡೀರಿ.

ರೀಡಥಾನಿಗೆ ಆರಿಸಿರೋ ಪುಸ್ತಕದ್ದೇ ಮಧ್ಯದ ಎಲ್ಲಾದ್ರೂ ಒಂದು ಭಾಗ ತೆಗೀರಿ (ಮೊದಲ ಪುಟಗಳು ಬೇಡ, ಕಥೆಗೆ ಇನ್ನೂ ಹೊಂದ್ಕೊಂಡಿರಲ್ಲ, ನಿಧಾನ ಆಗತ್ತೆ, ಕಥೆ ಗೊತ್ತಾಗ್ಬಿಡತ್ತೆ ಅನ್ನೋ ಭಯ ಇದ್ರೆ ಅದೇ ಥರದ ಬೇರೆ ಪುಸ್ತಕ ತಗೊಳಿ). 20 ನಿಮಿಷಕ್ಕೆ ಟೈಮರ್ ಇಟ್ಟು ಯಾವತ್ತಿನ ಥರ ಓದಿ, ಪರೀಕ್ಷೆ ಅಂತ ಓಡಿಸ್ಬೇಡಿ. ಬೇರೆ ಬೇರೆ ಹೊತ್ತಲ್ಲಿ ಎರಡ್ಮೂರು ಸಲ ಮಾಡಿ. 20 ನಿಮಿಷಕ್ಕೆ 12 ಪುಟ ಬಂದ್ರೆ ಗಂಟೆಗೆ 36. ನನಗೆ ಕಾದಂಬರಿ ಹಾಗೇ ಬರತ್ತೆ, ಪ್ರಬಂಧ ವಿಮರ್ಶೆ ಅಂದ್ರೆ 20 ನಿಮಿಷಕ್ಕೆ 8 ಪುಟ, ಅಂದ್ರೆ ಗಂಟೆಗೆ 24. ಎರಡನ್ನೂ ಒಂದೇ ಅಂದ್ಕೊಂಡು ಗುರಿ ಇಟ್ರೆ ಲೆಕ್ಕ ತಪ್ಪೋದು ಗ್ಯಾರಂಟಿ.

ಇನ್ನು ಗಂಟೆ. 24 ಗಂಟೆ ರೀಡಥಾನ್ ಅಂದ್ರೆ 24 ಗಂಟೆ ಓದೋದಲ್ಲ. ನಿದ್ದೆ ಆರೂವರೆ ಗಂಟೆ, ಊಟ ಸ್ನಾನ ಮನೆಕೆಲಸ ಎರಡೂವರೆ ಗಂಟೆ, ಉಳೀತು 15. ಅದರಲ್ಲಿ ಫೋನು, ಮಾತು, ಬೆನ್ನು ನೆಟ್ಟಗೆ ಮಾಡೋದು, ಸುಮ್ನೆ ಕಿಟಕಿ ನೋಡ್ತಾ ಕೂರೋದು ಎಲ್ಲಾ ತೆಗೆದ್ರೆ ನನಗೆ 10 ಗಂಟೆ ಸಿಕ್ಕಿದ್ರೆ ಅದೇ ದೊಡ್ಡದು. ಗಂಟೆಗೆ 36ರ ಹಾಗೆ 360 ಆಗ್ಬೇಕು, ಆದ್ರೆ ದಿನ ಪೂರ್ತಿ ಒಂದೇ ವೇಗ ಇರಲ್ಲ, ಹಾಗಾಗಿ ಐದರಲ್ಲಿ ಒಂದು ಭಾಗ ಕಳ್ದು 288 ಅಂತ ಇಟ್ಕೊಳ್ತೀನಿ. ರೌಂಡಾಗಿ 300 ಅನ್ಬಹುದು, 500 ಅಂತ ಮಾತ್ರ ಅನ್ಬೇಡಿ.

ಸೊನ್ನೆ ಗಂಟೆ ಫೋಟೋ

ಶುರುವಾಗೋಕೆ ಐದು ನಿಮಿಷ ಮುಂಚೆ ಓದ್ಬೇಕು ಅಂದ್ಕೊಂಡಿರೋ ಎಲ್ಲಾ ಪುಸ್ತಕಾನೂ ಬುಕ್‌ಮಾರ್ಕ್ ಇರೋ ಪುಟ ತೆರೆದು ಒಂದೊಂದು ಫೋಟೋ ಹೊಡ್ಕೊಳಿ, ಪುಟದ ನಂಬರ್ ಕಾಣೋ ಹಾಗೆ. ಇ-ಬುಕ್ ಆದ್ರೆ ಸ್ಕ್ರೀನ್‌ಶಾಟು. ಅರ್ಧ ಓದಿದ ಪುಸ್ತಕ ಇಟ್ಕೊಂಡು ಕೂರೋರಿಗೆ ಇದು ಬೇಕೇ ಬೇಕು, 180ನೇ ಪುಟದಿಂದ ಶುರು ಮಾಡಿ 300ಕ್ಕೆ ಮುಗಿಸಿ ಕೊನೇಲಿ ಖುಷೀಲಿ 300 ಅಂತ ಬರ್ಕೊಳ್ಳೋದು ಎಲ್ಲರೂ ಮಾಡೋ ತಪ್ಪು, ಬೇಕೂಂತ ಮಾಡೋದಲ್ಲ ಪಾಪ, ಮರೆತೇ ಹೋಗಿರತ್ತೆ.

ಪ್ರತಿ ಪುಸ್ತಕಕ್ಕೂ ಒಂದು ಚಿಕ್ಕ ಹೆಸರು ಇಡಿ. ಕಾದಂಬರಿಗೆ "ಕಾ", ಕಥಾಸಂಕಲನಕ್ಕೆ "ಕಥೆ", ಪ್ರವಾಸಕಥನಕ್ಕೆ "ಪ್ರ". ರಾತ್ರಿ ಎರಡು ಗಂಟೆಗೆ ಪೂರ್ತಿ ಹೆಸರು ಬರೆಯೋಕೆ ಯಾರ ಕೈಲೂ ಆಗಲ್ಲ.

ಕೂತಾಗ ಒಂದು ಗುರುತು, ಎದ್ದಾಗ ಒಂದು ಗುರುತು

ಇಡೀ ಪದ್ಧತಿಯ ಜೀವ ಇಲ್ಲೇ ಇರೋದು, ಸ್ವಲ್ಪ ನಿಧಾನವಾಗಿ ಓದಿ.

ಕೂತಾಗ ಟೈಮು, ಪುಸ್ತಕದ ಚಿಕ್ಕ ಹೆಸರು, ಪುಟ. ಎದ್ದಾಗ ಟೈಮು, ಪುಟ. ಅಷ್ಟೇ. ನನ್ನ ನೋಟ್‌ಬುಕ್ಕಲ್ಲಿ ಒಂದು ಸಾಲು ಹೀಗಿರತ್ತೆ:

7:05 ಕಾ 41 — 7:50 68

ಅಂದ್ರೆ ಏಳು ಗಂಟೆ ಐದು ನಿಮಿಷಕ್ಕೆ ಕಾದಂಬರಿಯ 41ನೇ ಪುಟದಿಂದ ಶುರು, ಏಳು ಐವತ್ತಕ್ಕೆ 68. ಎಷ್ಟು ಪುಟ ಆಯ್ತು ಅಂತ ಅಲ್ಲೇ ಲೆಕ್ಕ ಹಾಕಲ್ಲ. "27 ಪುಟ ಓದಿದೆ" ಅಂತ ಬರೆದ್ರೆ ಆ 27 ಎಲ್ಲಿಂದ ಬಂತು ಅಂತ ಆಮೇಲೆ ತಾಳೆ ನೋಡೋಕೆ ಆಗಲ್ಲ, 41 ಮತ್ತೆ 68 ಅಂತ ಇದ್ರೆ ಪುಸ್ತಕ ತೆಗೆದು ನೋಡ್ಬಹುದು. ನನ್ನ ಆ "ಇನ್ನೊಂದು 50" ಸತ್ತಿದ್ದು ಇದೇ ಕಾರಣಕ್ಕೆ.

ಇಲ್ಲೊಂದು ಸಣ್ಣ ಕಿತಾಪತಿ ಇದೆ. 41ನೇ ಪುಟದ ಮೇಲಿಂದ ಶುರು ಮಾಡಿ 60ನೇ ಪುಟದ ಕೆಳಗಿನ ಸಾಲಿನವರೆಗೆ ಓದಿದ್ರಿ ಅಂದ್ಕೊಳಿ. 60ರಲ್ಲಿ 41 ಕಳೆದ್ರೆ 19, ಆದ್ರೆ ನೀವು ಓದಿರೋದು 20 ಪುಟ, ಬೆರಳು ಮಡಿಚಿ ಎಣಿಸಿ ನೋಡಿ. ಒಂದು ಸಲಕ್ಕೆ ಒಂದು ಪುಟ ಹೋದ್ರೆ ಏನಂತೆ ಅನ್ಬಹುದು, ದಿನಕ್ಕೆ ಹದಿನೈದು ಸಲ ಎದ್ದು ಕೂತ್ರೆ ಹದಿನೈದು ಪುಟ ಗಾಳೀಲಿ ಹೋಯ್ತು. ಇದಕ್ಕೆ ನಾನು ಕಂಡ್ಕೊಂಡ ದಾರಿ ಏನಂದ್ರೆ ಎದ್ದಾಗ ಓದಿದ ಕೊನೇ ಪುಟ ಬರೀಬೇಡಿ, ಮುಂದೆ ಓದ್ಬೇಕಾದ ಪುಟ ಬರೀರಿ. 60 ಮುಗಿದಿದ್ರೆ 61 ಅಂತ ಬರೀರಿ, 61ರಲ್ಲಿ 41 ಹೋದ್ರೆ 20, ಸರಿ ಬಂತು. ಇನ್ನೊಂದು ಲಾಭ, ಆ 61 ಮುಂದಿನ ಸಲ ಕೂತಾಗ ಶುರುವಿನ ನಂಬರ್ ಆಗತ್ತೆ, ಎರಡೂ ಹೊಂದಲಿಲ್ಲ ಅಂದ್ರೆ ಮಧ್ಯದಲ್ಲಿ ಎಲ್ಲೋ ಬರೆಯದೇ ಓದಿದ್ದೀರ ಅಂತ ಅಲ್ಲೇ ಗೊತ್ತಾಗತ್ತೆ. ಪುಟದ ಮಧ್ಯ ನಿಂತ್ರೆ ಆ ಪುಟದ ನಂಬರನ್ನೇ ಬರೀರಿ, ಅರ್ಧ ಕಾಲು ಅಂತೆಲ್ಲ ಬೇಡ.

ಬರೆಯೋಕೆ ಮರೆತ್ರಿ ಅನ್ಕೊಳಿ, ಮರೆತೇ ಮರೀತೀರ. ಗಾಬರಿ ಬೇಡ. ಪುಟದ ನಂಬರು ಗಾಡಿ ಮೀಟರ್ ಇದ್ದ ಹಾಗೆ, ನೀವು ನೋಡದೇ ಇದ್ರೂ ಓಡಿರತ್ತೆ. ಕೊನೇ ಸಲ ಬರೆದಿದ್ದು 95, ಈಗ ಬುಕ್‌ಮಾರ್ಕ್ ಇರೋದು 123ರಲ್ಲಿ, ಅಂದ್ರೆ 28 ಪುಟ ಆಗಿದೆ. ಟೈಮಿನ ಜಾಗ ಖಾಲಿ ಬಿಡಿ, ಮನಸ್ಸಿಗೆ ತೋಚಿದ್ದು ತುಂಬ್ಬೇಡಿ, ಸುಳ್ಳು ಟೈಮ್ ಹಾಕಿದ್ರೆ ಸ್ಪೀಡಿನ ಲೆಕ್ಕ ಪೂರ್ತಿ ಕೆಡತ್ತೆ.

ಎಲ್ಲಿ ಬರೀಬೇಕು? ಒಂದೇ ಪುಸ್ತಕ ಓದೋರಿಗೆ ಬುಕ್‌ಮಾರ್ಕೇ ಸಾಕು, ದಪ್ಪ ಪೇಪರನ್ನ ಉದ್ದಕ್ಕೆ ಕತ್ತರಿಸಿ ಅದರ ಮೇಲೇ ಬರೀರಿ, ಪುಸ್ತಕ ಎಲ್ಲಿರತ್ತೋ ಲೆಕ್ಕಾನೂ ಅಲ್ಲೇ ಇರತ್ತೆ. ಮೂರ್ನಾಕು ಪುಸ್ತಕ ಬದಲಾಯಿಸ್ತಾ ಓದೋರಿಗೆ ಒಂದು ಚಿಕ್ಕ ನೋಟ್‌ಬುಕ್ಕು. ಫೋನಲ್ಲಿ ಬರೆಯೋದು ಬೇಡ ಅಂತ ನಾನು ಹೇಳ್ತೀನಿ, ಫೋನ್ ಕೆಟ್ಟದ್ದು ಅಂತಲ್ಲ, 68 ಅಂತ ಬರೆಯೋಕೆ ತೆಗೆದ ಫೋನನ್ನ ಮುಕ್ಕಾಲು ಗಂಟೆ ಆದ್ಮೇಲೆ ಕೆಳಗಿಟ್ಟಿದ್ದೀನಿ, ಆಮೇಲೆ ನೋಡಿದ್ರೆ ಆ 68ನೇ ಬರೆದಿರ್ಲಿಲ್ಲ. ಫೋನೇ ಬೇಕು ಅಂದ್ರೆ ಏರೋಪ್ಲೇನ್ ಮೋಡ್ ಹಾಕಿ.

ಇ-ಬುಕ್, ಆಡಿಯೋ, ಕಾಮಿಕ್ಸ್: ಇವಕ್ಕೆ ಬೇರೆ ತಕ್ಕಡಿ

ಕಿಂಡಲ್‌ನಲ್ಲಿ (ಅಮೆಜಾನ್‌ನವರ ಇ-ಬುಕ್ ಓದೋ ಸಾಧನ) ಕೆಳಗಡೆ ಮೂಲೇಲಿ ಕಾಣೋ ನಂಬರ್ ಯಾವಾಗ್ಲೂ ಪುಟ ಅಲ್ಲ. ಅಕ್ಷರದ ಸೈಜು ಬದಲಾಯಿಸಿದ್ರೆ ಸ್ಕ್ರೀನಲ್ಲಿ ಹಿಡಿಯೋ ಸಾಲು ಬದಲಾಗತ್ತಲ್ಲ, ಅದಕ್ಕೆ ಲೊಕೇಶನ್ ಅನ್ನೋ ನಂಬರ್ ಇಟ್ಟಿದ್ದಾರೆ, ಅದು ಪುಟಕ್ಕಿಂತ ತುಂಬಾ ದೊಡ್ಡದಿರತ್ತೆ. ಕೆಲವು ಪುಸ್ತಕಗಳಲ್ಲಿ ಪ್ರಿಂಟಿನ ಪುಟಸಂಖ್ಯೆನೂ ಸಿಗತ್ತೆ, ಆ ಮೂಲೇನ ಮುಟ್ತಾ ಹೋದ್ರೆ ಒಂದಾದ್ಮೇಲೊಂದು ಬದಲಾಗತ್ತೆ. ಪುಟ ಸಿಕ್ಕಿದ್ರೆ ಪುಟ ಬರೀರಿ, ಇಲ್ಲಾಂದ್ರೆ ಪರ್ಸೆಂಟ್. ಒಂದು ಸಲ ಲೊಕೇಶನ್ ಒಂದು ಸಲ ಪುಟ ಬರೆದ್ರೆ ಮುಗೀತು ಕಥೆ.

ಪರ್ಸೆಂಟಿಂದ ಪುಟಕ್ಕೆ ಬರೋದು ಸುಲಭ, 320 ಪುಟದ ಪುಸ್ತಕದಲ್ಲಿ 25ರಿಂದ 40 ಪರ್ಸೆಂಟಿಗೆ ಹೋದ್ರೆ 15 ಪರ್ಸೆಂಟ್, ಅಂದ್ರೆ 48 ಪುಟ. ಆದ್ರೆ ಹಿಂದೆ ಅಡಿಟಿಪ್ಪಣಿ, ಪದಸೂಚಿ ದಂಡಿಯಾಗಿರೋ ಪುಸ್ತಕದಲ್ಲಿ ಓದೋ ಭಾಗ ನೂರಕ್ಕಿಂತ ಎಷ್ಟೋ ಮುಂಚೆನೇ ಮುಗಿದ್ಬಿಡತ್ತೆ, ಇನ್ನೂ ಬಾಕಿ ಇದೆ ಅಂತ ಪ್ಲಾನ್ ಮಾಡ್ಕೊಂಡಿರ್ತೀರ, ಟಪ್ ಅಂತ ಕೊನೇ ಅಧ್ಯಾಯ ಮುಗಿದಿರತ್ತೆ. ಹಾಗಾಗಿ ಮೊದಲೇ ಪರಿವಿಡಿಗೆ ಹೋಗಿ ಕೊನೇ ಅಧ್ಯಾಯ ಎಷ್ಟಕ್ಕೆ ಮುಗಿಯತ್ತೆ ಅಂತ ನೋಡ್ಕೊಳಿ.

ಆಡಿಯೋಬುಕ್ಕಲ್ಲಿ ಗಡಿಯಾರ ಬೇರೆ, ಪುಸ್ತಕದ ಗಡಿಯಾರ ಬೇರೆ. ಒಂದೂವರೆ ಪಟ್ಟು ಸ್ಪೀಡಲ್ಲಿ ಒಂದು ಗಂಟೆ ಕೇಳಿದ್ರೆ ಪುಸ್ತಕ 90 ನಿಮಿಷ ಮುಂದಕ್ಕೆ ಹೋಗಿರತ್ತೆ. ಪ್ಲೇಯರ್ರಲ್ಲಿ ಕಾಣೋ ಜಾಗ ಬರೀರಿ, 2:10ರಿಂದ 3:40 ಅಂತ. ಪುಟಕ್ಕೆ ತಿರುಗಿಸ್ಬೇಕಾದ್ರೆ ಪ್ರಿಂಟ್ ಪುಸ್ತಕದ ಪುಟ ಎಷ್ಟು ಅಂತ ಹುಡುಕಿ. 300 ಪುಟದ ಪುಸ್ತಕ, ಆಡಿಯೋ 9 ಗಂಟೆ ಅಂದ್ರೆ 540 ನಿಮಿಷ, ಅದರಲ್ಲಿ 90 ನಿಮಿಷ ಅಂದ್ರೆ ಆರರಲ್ಲಿ ಒಂದು ಭಾಗ, 50 ಪುಟ. ಆಯೋಜಕರು ಕೇಳಿದ ನಿಮಿಷಕ್ಕೆ ಮಾತ್ರ ನೀವು ಕೇಳಿದ ಆ 60 ನಿಮಿಷಾನೇ ಕೊಡಿ, 90 ಅಲ್ಲ.

ಕಾಮಿಕ್ಸು, ಕವನ ಸಂಕಲನ ಇವನ್ನ ಬೇರೆ ಬರ್ಕೊಳಿ. ಕಾಮಿಕ್ಸಿನ ನೂರು ಪುಟ ಸೇರಿಸಿ ಗುರಿ ದಾಟಿದೆ ಅನ್ನೋ ಆಸೆ ಎಲ್ಲರಿಗೂ ಬರತ್ತೆ, ನನಗೂ ಬಂದಿದೆ.

ಶೀಟಿಗೆ ಹಾಕೋದು

ನೋಟ್‌ಬುಕ್ ಸಾಕು ಅನ್ನೋರು ಇದನ್ನ ಬಿಡಬಹುದು. ಕಾಲಮ್ಮು ಏಳು ಸಾಕು: ಪುಸ್ತಕ, ಶುರು ಟೈಮು, ಎದ್ದ ಟೈಮು, ಶುರು ಪುಟ, ಮುಂದಿನ ಪುಟ, ಆಮೇಲೆ ತಾನೇ ಲೆಕ್ಕ ಹಾಕೋ ಎರಡು, ಪುಟ ಎಷ್ಟು ಮತ್ತೆ ನಿಮಿಷ ಎಷ್ಟು. ಗೂಗಲ್ ಶೀಟ್ಸ್, ಎಕ್ಸೆಲ್ ಎರಡರಲ್ಲೂ ಕಂಪ್ಯೂಟರಲ್ಲಿ ಕಂಟ್ರೋಲ್, ಶಿಫ್ಟ್, ಸೆಮಿಕೋಲನ್ ಮೂರೂ ಒಟ್ಟಿಗೆ ಒತ್ತಿದ್ರೆ ಆಗಿನ ಟೈಮ್ ತಾನೇ ಬೀಳತ್ತೆ.

ಪುಟದ ಕಾಲಮ್ಮಲ್ಲಿ ಕೆಲಸ ಏನೂ ಇಲ್ಲ, ಮುಂದಿನ ಪುಟದಲ್ಲಿ ಶುರು ಪುಟ ಕಳೆಯೋದು ಅಷ್ಟೇ. ತರಲೆ ಇರೋದು ನಿಮಿಷದಲ್ಲಿ. ಶೀಟಿನ ಒಳಗೆ ಒಂದು ಇಡೀ ದಿನ ಅಂದ್ರೆ 1, ಹಾಗಾಗಿ ಎದ್ದ ಟೈಮಲ್ಲಿ ಶುರು ಟೈಮ್ ಕಳೆದು 1440ರಿಂದ ಗುಣಿಸಿದ್ರೆ ನಿಮಿಷ ಬರತ್ತೆ (ಸೆಲ್ಲಿನ ಫಾರ್ಮ್ಯಾಟ್ ನಂಬರ್ ಅಂತ ಇರ್ಬೇಕು, ಟೈಮ್ ಅಂತ ಇದ್ರೆ ಏನೇನೋ ತೋರ್ಸತ್ತೆ). ಹಗಲೆಲ್ಲಾ ಚೆನ್ನಾಗೇ ನಡೆಯತ್ತೆ. ರಾತ್ರಿ 23:40ಕ್ಕೆ ಕೂತು 0:25ಕ್ಕೆ ಎದ್ರಿ ಅನ್ನಿ, ಶೀಟು ನೀವು ಮೈನಸ್ 1395 ನಿಮಿಷ ಓದಿದ್ದೀರ ಅನ್ನತ್ತೆ! ಒಂದೇ ಏಟಿಗೆ ಬೆಳಗಿಂದ ಓದಿದ್ದನ್ನೆಲ್ಲಾ ವಾಪಸ್ ಕಿತ್ಕೊಂಡ ಹಾಗೆ. ಆ ವ್ಯತ್ಯಾಸವನ್ನ ಎಂ-ಒ-ಡಿ ಅನ್ನೋ ಫಂಕ್ಷನ್ನಿನ ಒಳಗೆ ಹಾಕಿ, ಭಾಗಿಸೋ ಸಂಖ್ಯೆ 1 ಅಂತ ಕೊಟ್ಟು, ಆಮೇಲೆ 1440ರಿಂದ ಗುಣಿಸಿ. ಈಗ 45 ಬರತ್ತೆ. ಮಧ್ಯರಾತ್ರಿ ದಾಟಿದ್ರೂ ದಾಟದಿದ್ರೂ ಇದೇ ಫಾರ್ಮುಲಾ ನಡೆಯತ್ತೆ, ಹಾಗಾಗಿ ಮೊದಲಿಂದಲೇ ಎಲ್ಲಾ ಸಾಲಿಗೂ ಹಾಕ್ಬಿಡಿ.

ಪುಸ್ತಕವಾರು ಮೊತ್ತಕ್ಕೆ ಸಮ್-ಇಫ್ ಫಂಕ್ಷನ್ ಇದೆ, "ಕಾ" ಅಂತ ಇರೋ ಸಾಲುಗಳ ಪುಟ ಮಾತ್ರ ಕೂಡಿಸಿ ಕೊಡತ್ತೆ. ಒಂದು ಕಡೆ "ಕಾ" ಇನ್ನೊಂದು ಕಡೆ "ಕಾದಂ" ಅಂತ ಬರೆದ್ರೆ ಮಾತ್ರ ಸೇರಿಸಲ್ಲ.

ಆ್ಯಪ್ ಬಗ್ಗೆ ಒಂದ್ಮಾತು. ಗುಡ್‌ರೀಡ್ಸ್, ಸ್ಟೋರಿಗ್ರಾಫ್ ಎರಡರಲ್ಲೂ ಪುಟ ಇಲ್ಲಾ ಪರ್ಸೆಂಟ್ ಅಪ್‌ಡೇಟ್ ಮಾಡ್ಬಹುದು, ಮುಗಿದ ಪುಸ್ತಕಗಳ ಪಟ್ಟಿ ಇಡೋಕೆ ಒಳ್ಳೇವು. ನಾನು ಅವನ್ನ ಕೊನೇಲಿ ಮಾತ್ರ ತೆಗೀತೀನಿ. ಆರಿಸೋವಾಗ ನಿಮ್ಮ ಕೈಲಿರೋ ಆವೃತ್ತಿಯೇ ಹೌದಾ ಅಂತ ನೋಡಿ, ಅಲ್ಲಿ 412 ಪುಟ ಅಂತಿದ್ದು ನಿಮ್ಮದು 368 ಇದ್ರೆ ಪರ್ಸೆಂಟ್ ಎಲ್ಲಾ ಅಡ್ಡಾದಿಡ್ಡಿ.

ಮಧ್ಯದಲ್ಲಿ ಎರಡು ಸಲ ನಿಂತು ನೋಡೋದು

ಪ್ರತಿ ಗಂಟೆಗೂ ಕೂಡ್ತಾ ಕೂರಬೇಡಿ. 24 ಗಂಟೆದಾದ್ರೆ 12ನೇ ಗಂಟೆಗೆ ಒಂದು ಸಲ, 18ಕ್ಕೆ ಒಂದು ಸಲ ಸಾಕು. ಒಂದು ಉದಾಹರಣೆ ನೋಡಿ. ಗುರಿ 300, ಅರ್ಧ ದಿನಕ್ಕೆ ಆಗಿರೋದು 130, ಬಾಕಿ 170. ನಿದ್ದೆ ಎಲ್ಲಾ ತೆಗೆದು ಇನ್ನು ಓದೋಕೆ ಸಿಗೋದು 5 ಗಂಟೆ ಅಂದ್ರೆ ಗಂಟೆಗೆ 34 ಬೇಕು. ಇಲ್ಲಿವರೆಗಿನ ಸಾಲುಗಳು ಹೇಳ್ತಿರೋ ಸ್ಪೀಡು 29. ಐದು ಗಂಟೆಗೆ 145 ಆಗತ್ತೆ, 130ಕ್ಕೆ ಸೇರಿಸಿದ್ರೆ 275. ಈಗ ನಿಮ್ಮ ಮುಂದೆ ಇರೋದು ಎರಡೇ ದಾರಿ, ಗುರೀನ 275ಕ್ಕೆ ಇಳಿಸಿ ನೆಮ್ಮದಿಯಾಗಿ ಓದೋದು, ಇಲ್ಲಾ ಕಷ್ಟದ ಪುಸ್ತಕ ಪಕ್ಕಕ್ಕಿಟ್ಟು ಓಡೋ ಪುಸ್ತಕ ತೆಗೆಯೋದು. ಮೂರನೇದು, ಅಂದ್ರೆ ಕಣ್ಣು ಹಾಯಿಸ್ಕೊಂಡು ಪುಟ ತಿರುವೋದು, ಅದನ್ನ ನಾನು ಲೆಕ್ಕಕ್ಕೇ ತಗೊಳ್ಳಲ್ಲ.

ಸ್ಪೀಡು ಕುಸಿದಿರೋದು ಸಾಲುಗಳಲ್ಲೇ ಕಾಣತ್ತೆ. ಬೆಳಿಗ್ಗೆ 45 ನಿಮಿಷಕ್ಕೆ 27 ಪುಟ ಇದ್ದಿದ್ದು ರಾತ್ರಿ ಅದೇ 45 ನಿಮಿಷಕ್ಕೆ 18ಕ್ಕೆ ಇಳಿದಿದ್ರೆ, ಅದೂ ಅದೇ ಪುಸ್ತಕದಲ್ಲಿ, ಮಲಗೋ ಹೊತ್ತಾಯ್ತು ಅಂತ ಅರ್ಥ. ಮಲಗೋಕೆ ಇಷ್ಟ ಇಲ್ಲ ಅಂದ್ರೆ 20 ನಿಮಿಷದ ಸ್ಪ್ರಿಂಟ್ ಮಾಡಿ, ಅಂದ್ರೆ ಟೈಮರ್ ಇಟ್ಟು ಅಷ್ಟು ಹೊತ್ತು ಏಳದೇ ಓದಿ, ಟೈಮರ್ ಹೊಡ್ಕೊಂಡ ತಕ್ಷಣ ನಂಬರ್ ಬರೆದು ಎದ್ದು ಓಡಾಡಿ ಬನ್ನಿ.

ತಿಂಗಳ ರೀಡಥಾನಿಗೆ ಈ ಗಂಟೆ ಲೆಕ್ಕ ಅತಿಯಾಯ್ತು, ದಿನಕ್ಕೆ ಒಂದೇ ಸಲ ಮಲಗೋ ಮುಂಚೆ ಬುಕ್‌ಮಾರ್ಕ್ ಎಲ್ಲಿದೆ ಅಂತ ಬರೆದ್ರೆ ಸಾಕು (ನಿಮಿಷ ಕೇಳ್ತಿದ್ರೆ ಮಾತ್ರ ಟೈಮೂ ಬರೀಲೇಬೇಕು). ಹಿಂದೆ ಬಿದ್ರೆ ಎಷ್ಟು ಹಿಂದಿದ್ದೀನಿ ಅಂತ ನೋಡೋ ಬದಲು ಉಳಿದಿದ್ದನ್ನ ಉಳಿದ ದಿನಕ್ಕೆ ಹಂಚಿ. 30 ದಿನಕ್ಕೆ 900 ಅಂತ ಹೊರಟು ಹತ್ತನೇ ದಿನಕ್ಕೆ 220 ಆಗಿದ್ರೆ 80 ಪುಟ ಸಾಲ ಅಂತ ಕಾಣತ್ತೆ, ಹೆದರಿಕೆ ಆಗತ್ತೆ. 680ನ್ನ 20 ದಿನಕ್ಕೆ ಹಂಚಿದ್ರೆ ದಿನಕ್ಕೆ 34, ಮುಂಚೆ 30 ಇತ್ತು, ನಾಕೇ ಪುಟ ಜಾಸ್ತಿ.

ಮುಗಿದ ಮೇಲೆ

ಟೈಮ್ ಆದ ಕೂಡ್ಲೇ ಮುಂದೆ ಓದ್ಬೇಕಾದ ಪುಟದ ನಂಬರ್ ಬರೀರಿ, ಎಲ್ಲಾ ಪುಸ್ತಕಕ್ಕೂ ಮತ್ತೊಂದು ಫೋಟೋ. ಆಮೇಲೆ ಮಲ್ಕೊಳಿ. ಲೆಕ್ಕ ನಾಳೆ ಹಾಕಿದ್ರೂ ನಂಬರ್ ಎಲ್ಲಿಗೂ ಹೋಗಲ್ಲ.

ಕೂಡೋವಾಗ ಅರ್ಧಕ್ಕೆ ಕೈಬಿಟ್ಟ ಪುಸ್ತಕ ಏನು ಮಾಡೋದು ಅನ್ನೋ ಪ್ರಶ್ನೆ ಬರತ್ತೆ. ನನ್ನ ರೂಲು, ಓದಿದ ಪುಟ ಮೊತ್ತಕ್ಕೆ ಸೇರತ್ತೆ, ಪುಸ್ತಕ ಮುಗಿಸಿದ ಪಟ್ಟಿಗೆ ಸೇರಲ್ಲ. 70 ಪುಟ ಓದಿ ಹಿಡಿಸ್ಲಿಲ್ಲ ಅಂತ ಬಿಟ್ರೆ ಆ 70 ಪುಟ ಓದಿದ್ದು ಸುಳ್ಳಾಗಲ್ಲವಲ್ಲ. ಮುನ್ನುಡಿಯ ಪುಟಗಳಿಗೆ ಕೆಲವು ಪುಸ್ತಕಗಳಲ್ಲಿ ರೋಮನ್ ಅಂಕಿ ಇರತ್ತೆ, ಅದನ್ನ ಓದಿದ್ರೆ ಬೇರೆ ಸಾಲು ಬರೆದು ಸೇರಿಸಿ, ಇಲ್ಲಾಂದ್ರೆ ಲೆಕ್ಕಕ್ಕೇ ಬರಲ್ಲ.

ಕೊನೇದಾಗಿ ಗಂಟೆವಾರು ಸ್ಪೀಡು ಒಂದು ಸಲ ನೋಡಿ. ನಾನು ರಾತ್ರಿ ಓದುಗ ಅಂತ ಬಹಳ ದಿನ ಅಂದ್ಕೊಂಡಿದ್ದೆ, ಶೀಟು ನೋಡಿದ್ರೆ ನನ್ನ ಒಳ್ಳೇ ಸಾಲುಗಳೆಲ್ಲಾ ಬೆಳಿಗ್ಗೆ ಆರರಿಂದ ಒಂಬತ್ತರ ಮಧ್ಯದವು. ಆ ಒಂದು ಸಾಲನ್ನ ಶೀಟಿನ ತಲೆ ಮೇಲೆ ಬರೆದು, ಶೀಟಿನ ಕಾಪಿ ಮಾಡಿ, ನಂಬರ್ ಅಳಿಸಿ ಫಾರ್ಮುಲಾ ಮಾತ್ರ ಬಿಟ್ಟು ಮುಂದಿನ ಸಲಕ್ಕೆ ಇಟ್ಕೊಂಡಿದ್ದೀನಿ, ಮುಗಿಯದೇ ಉಳಿದ ಕಾದಂಬರಿಯ ಮುಂದಿನ ಪುಟದ ನಂಬರ್ ಮೊದಲ ಸಾಲಲ್ಲಿ ಆಗಲೇ ಕೂತಿದೆ.